ಮಣ್ಣಿಗೆ ಬಾರದವರು

ಗಂಡ ಸತ್ತ ಮೇಲೂ ಪ್ರತಿ ಸೋಮವಾರ ಮುಸ್ಸಂಜೆ ಅವನ ಫೋನು ಒಂದೇ ಒಂದು ಸಲ ರಿಂಗಾಗಿ ಸುಮ್ಮನಾಗುತ್ತಿತ್ತು. ಪರದೆಯ ಮೇಲೆ ‘ಟೈರ್ ಕಂಪ್ಲಿ’ ಎಂಬ ಹೆಸರು. ಚಿತ್ತವಾಡ್ಗಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಪಂಪಾಪತಿಗೆ ಟೈರಿನವರು ಫೋನು ಮಾಡುವುದು ಸಹಜವೇ. ಆದರೆ ಅಂಗಡಿ ಮುಚ್ಚಿದ ಮೇಲೂ, ಸೋಮವಾರವೇ, ದೀಪ ಹಚ್ಚುವ ಹೊತ್ತಿಗೇ ಯಾಕೆ? ಜಂಬಮ್ಮ ಪ್ರತಿ ಸಲವೂ ಆ ನಂಬರಿಗೆ ತಿರುಗಿ ಹಚ್ಚುತ್ತಿದ್ದಳು. ಆ ಕಡೆ ಒಂದು ರಿಂಗ್ ಆಗುತ್ತಲೇ ಹೆದರಿ ಕಟ್ ಮಾಡಿಬಿಡುತ್ತಿದ್ದಳು.

ಈ ಸೋಮವಾರ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ರಿಂಗಾದ ಕೂಡಲೇ ಒತ್ತಿ ಕಿವಿಗಿಟ್ಟುಕೊಂಡಳು. ಮಾತಾಡಲಿಲ್ಲ. ಮೊದಲು ನೀರು ಹರಿಯುವ ಸದ್ದು. ಆಮೇಲೆ ವಯಸ್ಸಾದ ಗಂಡಸಿನ ದನಿ.

“ಎತ್ತಿದ್ರಲ್ಲ! ಯಾಕ್ರೀ ಹಿಂಗ ಮಾಡ್ತೀರಿ? ಬರ್ತೀನಂತ ರಿಂಗ್ ಕೊಡ್ತೀರಿ, ಬರಂಗಿಲ್ಲ. ಮಂಟಪದಾಗ ಕುಂತೀನಿ, ಬರ್ರಿ.”

ಯಾವುದೋ ಹೆಂಗಸಿನ ದನಿ ಕೇಳಬೇಕಾಗುತ್ತದೆಂದು ಅವಳು ಇಷ್ಟು ದಿನ ಹೆದರಿದ್ದಳು. ಈ ದನಿ ಅದಕ್ಕಿಂತ ಹೆಚ್ಚು ಹೆದರಿಸಿತು. ಸತ್ತವನು ಬರುತ್ತೇನೆಂದು ಯಾರಿಗೆ ಹೇಳುತ್ತಿದ್ದಾನೆ? ಮಲಪನಗುಡಿ ದಾಟಿ, ಬಾಳೆ ತೋಟದ ಹಿಂದೆ, ಕಾಲುವೆ ದಂಡೆಯಲ್ಲೊಂದು ಪಾಳು ಮಂಟಪವಿತ್ತು. ಪಂಪಾಪತಿ ಸೋಮವಾರ ಅಲ್ಲಿಗೆ ಹೋಗಿ ಕೂತು ಬರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಂಪು ಗಾಳಿಗೆ ಎನ್ನುತ್ತಿದ್ದ. ಜಂಬಮ್ಮ ಸೆರಗು ಸುತ್ತಿಕೊಂಡು ಆಟೋ ಹತ್ತಿದಳು. ಆಟೋದವನು ಕಾಲುವೆ ಸೇತುವೆಯಲ್ಲೇ ನಿಲ್ಲಿಸಿದ. “ಆ ಕಡಿ ಹೆಣ್ಮಕ್ಳು ಹೋಗಂಗಿಲ್ರೀ ಅಮ್ಮಾ,” ಎಂದವನು ಯಾಕೆಂದು ಹೇಳಲಿಲ್ಲ.

ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ದೂರದಿಂದ ನೋಡಿದಾಗ ಮಂಟಪದ ಕಂಬಗಳ ನಡುವೆ ಆಕೃತಿಗಳು ಓಡಾಡುತ್ತಿದ್ದವು, ನಾಲ್ಕೋ ಐದೋ. ಅವಳು ಹತ್ತಿರ ಬಂದಂತೆ ಒಂದೊಂದೇ ಕರಗಿದವು. ಮೆಟ್ಟಿಲು ಹತ್ತುವಷ್ಟರಲ್ಲಿ ಅಲ್ಲಿ ಉಳಿದದ್ದು ಒಬ್ಬನೇ ಮುದುಕ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಅವಳ ಕೈಯಲ್ಲಿದ್ದ ಫೋನು ನೋಡಿ ಅವನ ಮುಖ ಕಪ್ಪಿಟ್ಟಿತು.

“ಅವ್ರ ಫೋನ್ ನಿಮ್ಮ ಕೈಯಾಗ ಯಾಕೈತಿ, ತಾಯಿ?”

“ನಾನು ಅವ್ರ ಹೆಂಡ್ತಿ. ಅವ್ರು ತೀರ್ಕೊಂಡ್ರು. ಉಗಾದಿ ಆದ ವಾರನ. ನಿದ್ದಿಯಾಗ.”

ಮುದುಕ ಕಂಬ ಹಿಡಿದುಕೊಂಡ. “ಸುಳ್ಳು. ಹೋದ ಸೋಮಾರನೂ ರಿಂಗ್ ಬಂತು. ನಾ ಬಂದು ಒಂದು ರಿಂಗ್ ಕೊಡೋದು, ಹೊಂಟೀನಂತ ಅವ್ರು ಒಂದು ರಿಂಗ್ ಕೊಡೋದು. ವಾರ ವಾರ ಕೊಟ್ಟಾರ. ಕಾಲುವಿ ಮ್ಯಾಲ ನಿಂತಿದ್ದನ್ನ ಇಲ್ಲಿ ಒಬ್ಬಾತ ನೋಡ್ಯಾನ…”

“ಆ ರಿಂಗ್ ನಾನು ಕೊಟ್ಟಿದ್ದು, ಅಣ್ಣಾರ.”

ಮುದುಕ ಕಂಬಕ್ಕೆ ಒರಗಿ ಕೂತ. ತನ್ನ ಹೆಸರು ಎರ್ರೆಪ್ಪ, ಕಂಪ್ಲಿ ಹತ್ತಿರದ ಎಮ್ಮಿಗನೂರಿನವನು ಎಂದ. “ಇದು ನಮ್ಮಂಥ ಗಂಡಸ್ರು ಕೂಡೋ ಜಾಗ, ತಾಯಿ. ಗಂಡಸ್ರ ಮ್ಯಾಲೇ ಜೀವ ಇಟ್ಕೊಂಡವ್ರು. ನನಗ ತೋರ್ಸಿದಾತ ಡ್ಯಾಮ್ ಕಟ್ಟಾಕ ಬಂದಿದ್ದ ಗೌಂಡಿ. ಆತಗ ಯಾರು ತೋರ್ಸಿದ್ರೋ. ಆಗ ಫೋನ್ ಇರಲಿಲ್ಲ. ಕಂಬಕ್ಕ ಹಸಿ ಟವೆಲ್ ಹಾಕಿದ್ರ ಭಯ ಇಲ್ಲಂತ ಅರ್ಥ. ಒಬ್ರದೊಬ್ರು ಊರು ಕೇಳಬಾರ್ದು, ಮನಿ ಕೇಳಬಾರ್ದು. ಹಂಗಾಗಿ ಸತ್ರೂ ಸುದ್ದಿ ಬರಂಗಿಲ್ಲ. ಬರೋದು ನಿಂತ್ರ ನಾವೇ ತಿಳ್ಕೋಬೇಕು.”

“ನೀವೂ, ಅವ್ರೂ…?”

“ಇಬ್ರ ಕೂದ್ಲೂ ಇಲ್ಲೇ ಬೆಳ್ಳಗಾದ್ವು,” ಎಂದ ಎರ್ರೆಪ್ಪ.

ಜಂಬಮ್ಮನಿಗೆ ಬೈಯಬೇಕೆನಿಸಿತು. ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಗಂಡ. ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಅವಳು ಹೊತ್ತ ಹರಕೆಗಳು. ಸಿಟ್ಟು ಯಾರ ಮೇಲೆ ಮಾಡುವುದೋ ಅವಳಿಗೆ ತಿಳಿಯಲಿಲ್ಲ.

“ಮಣ್ಣಿಗೂ ಬರಾಕ ಆಗ್ಲಿಲ್ಲ ನನಗ,” ಎಂದು ಎರ್ರೆಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡ.

ಜಂಬಮ್ಮ ಮಂಟಪದ ಒಳಗೆಲ್ಲ ಕಣ್ಣಾಡಿಸಿದಳು. “ಅವ್ರು ಎಲ್ಲಿ ಕುಂದ್ರತಿದ್ರು?” ಎಂದು ಕೇಳಿದಳು.

ಮೂಲೆಯ ಕಂಬದ ಬುಡವನ್ನು ಅವನು ತೋರಿಸಿದ.

“ಮಣ್ಣು ಅಲ್ಲೇ ಹಾಕ್ರಿ.”

ಎರ್ರೆಪ್ಪ ಕೆಳಗಿಳಿದು, ಕಾಲುವೆ ದಂಡೆಯ ಮಣ್ಣು ಒಂದು ಹಿಡಿ ತಂದು ಕಂಬದ ಬುಡಕ್ಕೆ ಹಾಕಿ ಕೈಮುಗಿದ. ಆಗ ಬಾಳೆ ಎಲೆಗಳು ಸರಸರ ಎಂದವು. ಗಾಳಿ ಇರಲಿಲ್ಲ. ತೋಟದೊಳಗಿಂದ ಒಬ್ಬ ಬಂದ, ಕೈಯಲ್ಲಿ ಮಣ್ಣು. ಅವನ ಹಿಂದೆ ಇನ್ನೊಬ್ಬ. ಮಂಟಪದ ಹಿಂಬದಿಯಿಂದ, ಸೇತುವೆಯ ಅಡಿಯಿಂದ, ಅವಳು ದೂರದಿಂದ ಕಂಡದ್ದಕ್ಕಿಂತ ಎಷ್ಟೋ ಹೆಚ್ಚು ಜನ. ಅಷ್ಟೂ ಹೊತ್ತು ಅವರೆಲ್ಲ ಉಸಿರು ಬಿಗಿಹಿಡಿದು ತನ್ನ ಸುತ್ತಲೇ ಇದ್ದರೆಂದು ತಿಳಿದು ಜಂಬಮ್ಮನ ಮೈ ಜುಮ್ಮೆಂದಿತು. ಯಾರೂ ಅವಳ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟು ಹತ್ತಿದರು, ಮಣ್ಣು ಹಾಕಿದರು, ಬಂದ ಹಾಗೇ ಕತ್ತಲಿಗಿಳಿದರು.

ಕೊನೆಯವನೊಬ್ಬ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು ದೂರದಲ್ಲೇ ನಿಂತಿದ್ದ. ಮುಂದೆ ಬರಲೊಲ್ಲ, ಹೋಗಲೊಲ್ಲ. ಇವನು ಹೆದರುತ್ತಿರುವುದು ತನ್ನನ್ನು ಕಂಡೇ ಎಂದು ಜಂಬಮ್ಮನಿಗೆ ಅರ್ಥವಾಯಿತು. ಅವಳು ಮಂಟಪಕ್ಕೆ ಬೆನ್ನು ಮಾಡಿ ಕಾಲುವೆಯ ಕಡೆ ತಿರುಗಿ ನಿಂತಳು. ಬರಿಗಾಲಿನ ಹೆಜ್ಜೆಗಳು ಮೆಟ್ಟಿಲು ಹತ್ತಿದವು. ಮಣ್ಣು ಉದುರಿತು. ಆಮೇಲೆ ಅಳು ನುಂಗಿ ಕೆಮ್ಮಿದ ಸದ್ದು.

ಅದು ಅವಳ ತಮ್ಮ ಲಿಂಗರಾಜನ ಕೆಮ್ಮು. ಭಾವನಿಗೆ ಹೆಗಲು ಕೊಟ್ಟವರಲ್ಲಿ ಅವನೇ ಮುಂದಿದ್ದ, ಆದರೆ ಇಲ್ಲಿ ಯಾರಿಗೂ ಸುದ್ದಿ ಹೇಳಿರಲಿಲ್ಲ.

ಆ ಹೆಜ್ಜೆಗಳು ಬಾಳೆ ತೋಟದಲ್ಲಿ ಪೂರ್ತಿ ಅಡಗುವ ತನಕ ಜಂಬಮ್ಮ ತಿರುಗಲಿಲ್ಲ.