ಚಿಲಕದ ಸಪ್ಪಳ

"ಗೋಡಿಗೆ ಕಿವಿ ಹಚ್ಚಿ ಕೇಳ್ರಿ," ಅಂದರು ಹವಾಲ್ದಾರ ಮಡಿವಾಳಪ್ಪ. ಓಣಿ ಕಾವಲಿಗೆ ಹೆಸರು ಕೊಟ್ಟ ಹೆಂಗಸರ ತರಬೇತಿಯಲ್ಲಿ ಅದೇ ಕಡೆಯ ಪಾಠ.

ಊರಿನ ಗೋಡೆಗಳು ಕೇಳಿದ್ದನ್ನೆಲ್ಲ ಒಂದು ವರ್ಷ ಹಿಡಿದಿಟ್ಟುಕೊಂಡು ಆಮೇಲೆ ಮರೆಯುತ್ತಿದ್ದವು. ಹೊಲಿಗೆ ಗಂಗವ್ವನನ್ನು ಇದೇ ಓಣಿಯಲ್ಲಿ ಕಳ್ಳರು ಇರಿದು ಕೊಂದು ನಾಳೆಗೆ ವರ್ಷ. ತರಬೇತಿಗೆ ಬಂದಿದ್ದ ಚಂಪವ್ವ ಆ ನಾಳೆಗಾಗಿಯೇ ದಿನ ಎಣಿಸುತ್ತಿದ್ದಳು.

ಕಿವಿ ಇಟ್ಟಳು. ತಣ್ಣನೆಯ ಸುಣ್ಣದೊಳಗಿಂದ ಗಂಗವ್ವ ಕೂಗುತ್ತ ಓಡಿ ಬರುವುದು ಕೇಳಿಸಿತು: "ಯಾರರೆ ಬಾಗ್ಲಾ ತಗೀರಿ!"

"ಎಷ್ಟು ಬಾಗ್ಲಾ ತೆರೆದ್ವು?" ಹವಾಲ್ದಾರರು ಕೇಳಿದರು.

"ಒಂದೂ ಇಲ್ರಿ," ಅಂದರು ಎಲ್ಲರೂ.

"ಇನ್ನೊಮ್ಮೆ ಕೇಳ್ರಿ. ಒಂದು ಚಿಲಕ ಹಾಕಿದ ಸಪ್ಪಳ ಐತಿ. ಯಾರ ಮನೀದು?"

ಯಾರಿಗೂ ಗುರುತು ಹತ್ತಲಿಲ್ಲ. ಚಂಪವ್ವ ಸುಮ್ಮನಿದ್ದರೆ ನಾಳೆ ಗೋಡೆಯೂ ಮರೆಯುತ್ತಿತ್ತು. ಗಂಗವ್ವನ ದನಿಯೂ ಅದರೊಂದಿಗೆ ಹೋಗುತ್ತಿತ್ತು.

ಗೋಡೆಯಿಂದ ಕಿವಿ ತೆಗೆಯದೆಯೇ ಅವಳು ಹೇಳಿದಳು: "ನಮ್ಮನೀದ್ರಿ. ನಾನ ಹಾಕಿದ್ದು."