ಬಾಟಲಿಯ ಮೇಲೆ ಸುಣ್ಣದ ಬೊಟ್ಟು

ಕೆಲಸದಿಂದ ಬಂದವಳೇ ನೀಲಾ ಜ್ವರದ ಸಿರಪ್ಪನ್ನು ಅಳತೆಯ ಮುಚ್ಚಳಕ್ಕೆ ಸುರಿದು ಮಗಳ ತುಟಿಗೆ ಹಿಡಿದಳು. ಬಾಟಲಿ ಹಿಡಿದಿದ್ದ ಬೆರಳಿಗೆ ಏನೋ ಅಂಟಿತು. ಹಸಿ ಸುಣ್ಣ!

“ಅತ್ತೆ, ನಿಮ್ಮ ಎಲೆ-ಅಡಿಕೆ ಕವಳದ ಸುಣ್ಣ ಔಷಧಿ ಬಾಟಲಿಗೂ ಬೇಕಾ?” ಎಂದು ರೇಗಿದಳು.

ಅಂಗಳದಲ್ಲಿ ಭತ್ತ ಹರವುತ್ತಿದ್ದ ಅತ್ತೆ ಹೊನ್ನಿ ಓಡಿ ಬಂದಳು. “ಅಯ್ಯೋ, ಕುಡಿಸ್ಬೇಡ್ವೇ! ಈಗಷ್ಟೇ ನಾನು ಕೊಟ್ಟೆ. ನಂಗೆ ಓದೂಕೆ ಬರೆಯೂಕೆ ಬರೂದಿಲ್ಲ. ಮತ್ತೊಬ್ರು ತಿರುಗಿ ಕೊಡೂದು ಬ್ಯಾಡ ಅಂತ ಗುರುತಿಗೆ ಬೊಟ್ಟು ಇಟ್ಟದ್ದು.”

ನೀಲಾಳ ಕೈ ಅಲ್ಲೇ ನಿಂತಿತು. ಮಗಳ ತುಟಿ ಮುಟ್ಟಿ ನೋಡಿದಳು, ಒಣಗಿತ್ತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಹೋದ ಜೀವ ಬಂದಂತಾಯಿತು.

ಮುಚ್ಚಳದಲ್ಲಿದ್ದ ಔಷಧಿಯನ್ನು ಬಚ್ಚಲಿಗೆ ಚೆಲ್ಲಿದಳು. ಆಮೇಲೆ ಅತ್ತೆಯ ಸುಣ್ಣದ ಡಬ್ಬಿಯಲ್ಲಿ ಬೆರಳದ್ದಿ, ತಾನು ಅಳಿಸಿದ್ದ ಬೊಟ್ಟನ್ನು ಬಾಟಲಿಯ ಮೇಲೆ ತಾನೇ ಮತ್ತೆ ಇಟ್ಟಳು.