ಕಾರು ಕಟ್ಟಿದ ಕೈ

"ಈ ಕಾರಿಗೆ ನನ್ನ ಮೂರು ವರ್ಷದ ವೀಕೆಂಡೆಲ್ಲ ಹೋಯ್ತು ಕಣೋ" ಎಂದು ಗುರುಕಿರಣ್ ಕೆಂಪು ಕಾರಿನ ನೆತ್ತಿ ಸವರಿದಾಗ, ಅದರ ಮೂತಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದ ಅವನ ತಾಯಿ ಕೆಂಪಮ್ಮನ ಕೈ ಅಲ್ಲೇ ನಿಂತಿತು.

ಗೆಳೆಯ ಮುನಿರಾಜು ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದ. "ಸೂಪರ್ ಗುರು! ಎಲ್ಲಾನೂ ಒಬ್ನೇ ಮಾಡಿದ್ಯಾ?"

"ಒಬ್ನೇ ಅಂದ್ರೆ... ಹೇಮ ಹೆಲ್ಪ್ ಮಾಡಿದ್ಲಪ್ಪ. ಕಾಫಿ ಗೀಫಿ ತಂದ್ಕೊಡೋಳು."

ಕಾಫಿ! ಕೆಂಪಮ್ಮ ಹಾರದ ದಾರವನ್ನು ಜಗ್ಗಿ ಗಂಟು ಹಾಕಿದಳು. ನಲವತ್ತು ವರ್ಷದ ಕೆಳಗೆ ಯಾರೋ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಂಡಿದ್ದ ಕಾರದು. ಈ ಪರದೇಶದ ಹೇವರ್ಡ್ ಎಂಬ ಊರಿನ ಒಂದು ಹಿತ್ತಲಿನಲ್ಲಿ, ಸೀಟಿನೊಳಗೆ ಇಲಿ ಮರಿ ಹಾಕಿಕೊಂಡು ಬಿದ್ದಿದ್ದನ್ನು ಮಿಲ್ಪಿಟಾಸಿನ ತಮ್ಮ ಮನೆಯ ಈ ಗರಾಜಿಗೆ ಎಳೆಸಿ ತಂದವಳು ಸೊಸೆ ಹೇಮಶ್ರೀ. ಬಿರುಕುಬಿಟ್ಟ ಫೈಬರ್ ಮೈಗೆ ಪದರದ ಮೇಲೆ ಪದರ ಮೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿ ಸವೆಸಿಕೊಂಡವಳು ಅವಳು. ಇಲಿ ಕಡಿದ ವೈರನ್ನೆಲ್ಲ ಕಿತ್ತು ಹೊಸದಾಗಿ ಎಳೆದವಳೂ ಅವಳೇ. ಗುರುಕಿರಣ್ ಬಣ್ಣ ಆರಿಸಿದ. ಅದನ್ನೂ ಎರಡು ಸಲ ಬದಲಾಯಿಸಿದ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸೊಸೆಗೆ ಟಾರ್ಚು ಹಿಡಿದವಳಿಗೆ ಇದೆಲ್ಲ ಗೊತ್ತಿಲ್ಲವೇ?

ಇನ್ನೂ ಒಂದು ವಿಷಯ ಅವಳಿಗೆ ಗೊತ್ತಿತ್ತು. ದಿನದ ಕೆಲಸ ಮುಗಿದೊಡನೆ ಹೇಮಶ್ರೀ ಎಂಜಿನ್ನಿನಿಂದ ಹೆಬ್ಬೆರಳಿನಷ್ಟು ದಪ್ಪದ ರೋಟರನ್ನು ಬಿಚ್ಚಿ ಅತ್ತೆಯ ಕೈಗೆ ಕೊಡುವಳು. ಅದಿಲ್ಲದೆ ಎಂಜಿನ್ನಿಗೆ ಕಿಡಿ ಹತ್ತದು, ಕಳ್ಳ ಬಂದರೂ ಗಾಡಿ ಕದಲದು. ಮಂಡ್ಯದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಅವಳಪ್ಪನಿಂದ ಬಂದ ಅಭ್ಯಾಸ. ಕೆಂಪಮ್ಮ ಅದನ್ನು ತನ್ನ ಎಲೆಅಡಿಕೆ ಚೀಲದಲ್ಲಿ ಜೋಪಾನ ಮಾಡುವಳು. "ಪೂಜೆ ಮುಗೀತಿದ್ದಂಗೆ ಕರೀರಿ ಅತ್ತೆ, ಬಂದು ಹಾಕ್ತೀನಿ" ಎಂದು ಹೇಳಿ ಬೆಳಿಗ್ಗೆ ಅಡುಗೆಮನೆ ಸೇರಿದವಳು ಇಪ್ಪತ್ತು ಜನಕ್ಕೆ ಹೋಳಿಗೆ ತಟ್ಟುತ್ತಲೇ ಇದ್ದಳು.

ಆಯುಧಪೂಜೆ ವಾರದ ನಡುವೆ ಬಂದು ಹೋಗಿತ್ತು; ಎಲ್ಲರಿಗೂ ರಜೆಯೆಂದು ಶನಿವಾರಕ್ಕೆ ಇಟ್ಟುಕೊಂಡಿದ್ದರು. ಸ್ಪ್ಯಾನರು, ಸುತ್ತಿಗೆಗಳಿಗೆಲ್ಲ ಅರಿಶಿನ ಕುಂಕುಮ ಏರಿತ್ತು. ನೆಲ ಕೆಂಪಾದರೆ ಬಡಾವಣೆಯ ಅಸೋಸಿಯೇಷನ್ನಿನಿಂದ ಎಚ್ಚರಿಕೆ ಪತ್ರ ಬಂದೀತೆಂದು ಬೂದುಗುಂಬಳವನ್ನು ಅಲ್ಯೂಮಿನಿಯಂ ಟ್ರೇಯೊಳಗೇ ಒಡೆದರು. ಚಕ್ರಗಳಡಿ ನಿಂಬೆಹಣ್ಣು ಇಟ್ಟಾಯಿತು.

"ತಾಳ್ಲಾ, ಹೇಮನ್ನ ಕರೀತೀನಿ" ಎಂದಳು ಕೆಂಪಮ್ಮ.

"ಹೋಳಿಗೆ ಸೀದೋಗ್ತದೆ ಬುಡವ್ವ. ಎಲ್ರೂ ಕಾಯ್ತಾವ್ರೆ."

"ಅವಳು ಬರ್ದೆ ಗಾಡಿ ಹೊರಡಕಿಲ್ಲ ಕಣ್ಲಾ."

"ಹೊರಡ್ತದೆ, ನೋಡ್ತಿರು!" ಗುರುಕಿರಣ್ ನಗುತ್ತ ಒಳಗೆ ಕೂತು ಕೀಲಿ ತಿರುಗಿಸಿದ.

ಕೆಂಪಮ್ಮ ಎಲೆಅಡಿಕೆ ಚೀಲದ ಬಾಯಿದಾರವನ್ನು ಇನ್ನಷ್ಟು ಬಿಗಿದಳು.

ಕೊರ್ ಕೊರ್ ಎಂದಿತು ಕಾರು. ಮತ್ತೊಮ್ಮೆ ತಿರುಗಿಸಿದ, ಮತ್ತೆ ಕೊರ್ ಕೊರ್. ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು. ಮುನಿರಾಜು ಒಂದು ಕೈಯಲ್ಲಿ ಮೊಬೈಲ್ ಹಿಡಿದೇ ಮುಂದಿನ ಬಾನೆಟ್ ಎತ್ತಿದ. ಒಳಗೆ ಸ್ಟೆಪ್ನಿ ಚಕ್ರ ಬಿಟ್ಟರೆ ಏನೂ ಇರಲಿಲ್ಲ.

"ಲೋ ಗುರು, ಎಂಜಿನ್ನೇ ಹಾಕಿಲ್ವಲ್ಲೋ!"

ಎಲ್ಲರೂ ಗೊಳ್ಳೆಂದರು. ಗುರುಕಿರಣ್ ಕಿವಿ ಕೆಂಪಾಗಿಸಿಕೊಂಡು ಇಳಿದು, ಎಂಜಿನ್ ಇದ್ದ ಹಿಂಬದಿಯ ಮುಚ್ಚಳ ಎತ್ತಿದ. ಕೈಗೆ ಸಿಕ್ಕ ವೈರನ್ನೆಲ್ಲ ಒಂದೊಂದಾಗಿ ಜಗ್ಗಿದ. "ಬ್ಯಾಟರಿ ವೀಕಾಗಿರ್ಬೇಕು. ಇಲ್ಲಾಂದ್ರೆ ಪೆಟ್ರೋಲು..."

"ಒಳಗೆ ಯಾವ್ದು ಇಲ್ಲ ಅಂತ ಸರ್ಯಾಗಿ ನೋಡ್ಲಾ" ಎಂದಳು ಕೆಂಪಮ್ಮ. "ಮೂರು ವರ್ಷ ಕಟ್ದೋನಿಗೆ ಗೊತ್ತಾಗಬೇಕಲ್ವಾ?"

"ನಿಂಗೇನವ್ವ ಗೊತ್ತು ಇದೆಲ್ಲ? ಸುಮ್ನಿರು!" ಹತ್ತು ಜನರೆದುರು ಅವನು ರೇಗಿದ.

ಆಗ ಕೆಂಪಮ್ಮ ಚೀಲ ಬಿಚ್ಚಿದಳು. ಅಡಿಕೆ ಹೋಳುಗಳ ನಡುವಿನಿಂದ ರೋಟರನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಅಂಗೈ ಮೇಲಿಟ್ಟು ಮಗನ ಮೂಗಿನ ಮುಂದೆ ಹಿಡಿದಳು.

ಗುರುಕಿರಣ್ ಬಗ್ಗಿ ನೋಡಿದ. "ಏನವ್ವಾ ಇದು? ಯಾವುದ್ರದ್ದು?"

ಈ ಸಲ ಯಾರೂ ನಗಲಿಲ್ಲ. ಮುನಿರಾಜುವಿನ ಮೊಬೈಲಿನಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕಿ ಇನ್ನೂ ಮಿನುಗುತ್ತಿತ್ತು.

ಕೆಂಪಮ್ಮ ಮುಷ್ಟಿ ಮುಚ್ಚಿ, ಅಡುಗೆಮನೆಯ ಕಡೆ ತಿರುಗಿ ಕೂಗಿದಳು: "ಹೇಮಾ, ಒಲೆ ಆರಿಸಿ ಬಾರವ್ವ. ಗಾಡಿ ಕಟ್ಟಿದೋರು ಎಲ್ಲಿ ಅಂತ ಕೇಳ್ತಾವ್ರೆ."